ಥಯೋಪೆಂಟೋನ್ ನರಕೋಶಗಳ ನಡುವಿನ ಮಾತನ್ನು ತಗ್ಗಿಸುವ ಬಗೆಯನ್ನು ತರಗತಿಯಲ್ಲಿ ವಿವರಿಸುವುದು ಹೇಗೆ

ಕಾರವಾರದಲ್ಲಿ ಓ.ಟಿ. (ಶಸ್ತ್ರಚಿಕಿತ್ಸಾ ಕೊಠಡಿ) ಟೆಕ್ನಾಲಜಿ ಡಿಪ್ಲೊಮಾ ಕಲಿಯಲು ಬರುವವರಲ್ಲಿ ಹೆಚ್ಚಿನವರು ಅಂಕೋಲಾ, ಕುಮಟಾ, ಹೊನ್ನಾವರ, ಜೊಯಿಡಾ, ಶಿರಸಿ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿದವರು. ಅರಿವಳಿಕೆ ಔಷಧಗಳ ಪಾಠ ಬಂದಾಗ ಅವರಿಗೆ ‘ಥಯೋಪೆಂಟೋನ್ ಗಾಬಾ ಗ್ರಾಹಕದ ಮೇಲೆ ವರ್ತಿಸುತ್ತದೆ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿ ಮುಂದಿನ ಔಷಧಕ್ಕೆ ಹೋಗುವುದು ಸುಲಭ, ಮತ್ತು ಪರೀಕ್ಷೆಗೆ ಅಷ್ಟೇ ಸಾಕಾಗುತ್ತದೆ ಕೂಡ. ಆದರೆ ಅದೇ ವಿದ್ಯಾರ್ಥಿ ಮೂರು ತಿಂಗಳ ನಂತರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಂತು, ರೋಗಿಯ ಉಸಿರು ಏಕೆ ನಿಂತಿತು, ಹತ್ತು ನಿಮಿಷಕ್ಕೆ ಎಚ್ಚರವಾಗುವ ರೋಗಿಯ ಮೈಯಲ್ಲಿ ಔಷಧ ಇನ್ನೂ ಏಕೆ ಉಳಿದಿರುತ್ತದೆ ಎಂದು ಕೇಳಿದಾಗ ಆ ಒಂದು ವಾಕ್ಯ ಯಾವ ಉತ್ತರವನ್ನೂ ಕೊಡುವುದಿಲ್ಲ. ಇಂಥ ತರಗತಿಗಳಿಗೆ ಪಾಠ ಮಾಡುವವರಿಗಾಗಿ, ನಾನು ಅನುಸರಿಸುವ ಕ್ರಮವನ್ನೂ ದಾರಿ ತಪ್ಪಿದ ಜಾಗಗಳನ್ನೂ ಇಲ್ಲಿ ಬರೆದಿದ್ದೇನೆ.

ಈ ಪಾಠದಲ್ಲಿ ವಿದ್ಯಾರ್ಥಿಯ ಮನಸ್ಸಿಗೆ ಇಳಿಯಬೇಕಾದ ಸಂಗತಿ ಒಂದೇ, ಅದು ಕಾಲಕ್ಕೆ ಸಂಬಂಧಿಸಿದ್ದು. ಥಯೋಪೆಂಟೋನ್ ಸೇರಿದ ಬಾರ್ಬಿಚ್ಯುರೇಟ್ ಗುಂಪಿನ ಅರಿವಳಿಕೆಗಳು ಮಿದುಳಿನಲ್ಲಿ ಹೊಸದೇನನ್ನೂ ನಿರ್ಮಿಸುವುದಿಲ್ಲ. ಮಿದುಳು ತನ್ನನ್ನು ತಾನೇ ತಡೆದುಕೊಳ್ಳಲು ಮೊದಲಿನಿಂದಲೂ ಇಟ್ಟುಕೊಂಡಿರುವ ಬಾಗಿಲು ತೆರೆದ ಮೇಲೆ ಬೇಗ ಮುಚ್ಚದಂತೆ ಹಿಡಿದಿಡುತ್ತವೆ. ಎಷ್ಟು ಹೊತ್ತು ತೆರೆದಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಬೇರೆ ಯಾವ ಕಡೆಯಿಂದ ಹೊರಟರೂ ವಿದ್ಯಾರ್ಥಿಗೆ ಈ ಔಷಧಕ್ಕೂ ಆತಂಕ ತಗ್ಗಿಸುವ ಡಯಾಜೆಪಾಮಿಗೂ ಇರುವ ವ್ಯತ್ಯಾಸ ಕಾಣುವುದಿಲ್ಲ.

ಐವತ್ತು ನಿಮಿಷದ ಎರಡು ಅವಧಿಗಳು, ಎರಡು ಬಣ್ಣದ ಸೀಮೆಸುಣ್ಣ, ಗಡಿಯಾರವಿರುವ ಒಂದು ಮೊಬೈಲ್ ಇಷ್ಟಿದ್ದರೆ ಸಾಕು. ಇತಿಹಾಸಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. 1864ರಲ್ಲಿ ಅಡಾಲ್ಫ್ ಫಾನ್ ಬಾಯರ್ ಬಾರ್ಬಿಚ್ಯುರಿಕ್ ಆಮ್ಲವನ್ನು ತಯಾರಿಸಿದರೂ ಅದಕ್ಕೆ ಮಂಪರು ತರಿಸುವ ಗುಣವಿರಲಿಲ್ಲ. ಅದರಿಂದ ಬಂದ ಬಾರ್ಬಿಟಾಲನ್ನು ಎಮಿಲ್ ಫಿಶರ್ ಮತ್ತು ಯೋಸೆಫ್ ಫಾನ್ ಮೆರಿಂಗ್ 1903ರಲ್ಲಿ ನಿದ್ರೆಯ ಔಷಧವಾಗಿ ಪರಿಚಯಿಸಿದರು. ಅರ್ನೆಸ್ಟ್ ವೊಲ್ವೈಲರ್ ಮತ್ತು ಡೊನಾಲೀ ಟೇಬರ್ನ್ ರೂಪಿಸಿದ ಥಯೋಪೆಂಟಾಲನ್ನು 1934ರ ಮಾರ್ಚ್ 8ರಂದು ರಾಲ್ಫ್ ವಾಟರ್ಸ್ ಮೊದಲ ಬಾರಿಗೆ ಮನುಷ್ಯನಿಗೆ ಕೊಟ್ಟರು. ಅಮೆರಿಕದ ಪುಸ್ತಕದಲ್ಲಿ ಥಯೋಪೆಂಟಾಲ್ ಎಂದಿರುವುದೂ ನಮ್ಮ ಆಸ್ಪತ್ರೆಯ ಸೀಸೆಯ ಮೇಲೆ ಥಯೋಪೆಂಟೋನ್ ಎಂದಿರುವುದೂ ಒಂದೇ ಔಷಧ ಎಂಬುದನ್ನು ಮಾತ್ರ ಮರೆಯದೆ ಹೇಳಿ, ಏಕೆಂದರೆ ಪ್ರತಿ ವರ್ಷವೂ ಒಬ್ಬರಾದರೂ ಇವೆರಡನ್ನು ಬೇರೆ ಬೇರೆ ಎಂದು ಬರೆಯುತ್ತಾರೆ.

ಮೊದಲಿಗೆ ಹಲಗೆಯ ಮೇಲೆ ಎರಡು ನರಕೋಶಗಳು ಸಂಧಿಸುವ ಜಾಗವನ್ನು, ಅಂದರೆ ಸಿನ್ಯಾಪ್ಸನ್ನು, ದೊಡ್ಡದಾಗಿ ಬರೆಯಿರಿ. ಎರಡೂ ಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಸುಮಾರು 20 ನ್ಯಾನೊಮೀಟರಿನ ಬಿರುಕು ಇದೆ ಎಂಬುದು ಕಣ್ಣಿಗೆ ಕಾಣುವಂತಿರಲಿ. ಮೇಲಿನ ಕೋಶಕ್ಕೆ ವಿದ್ಯುತ್ ಸಂದೇಶ ಬಂದು ತಲುಪಿದಾಗ ಅದರ ತುದಿಯೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದರಿಂದಾಗಿ ಸಣ್ಣ ಚೀಲಗಳಲ್ಲಿದ್ದ ನರವಾಹಕ, ಅಂದರೆ ಸಂದೇಶ ಒಯ್ಯುವ ರಾಸಾಯನಿಕ, ಬಿರುಕಿಗೆ ಸುರಿಯುತ್ತದೆ, ಅದು ಕೆಳಗಿನ ಕೋಶದ ಗ್ರಾಹಕಗಳಿಗೆ, ಅಂದರೆ ಅದನ್ನು ಗುರುತಿಸುವ ಪ್ರೋಟೀನುಗಳಿಗೆ, ತಾಗುತ್ತದೆ. ಇಲ್ಲಿ ಎರಡೇ ನರವಾಹಕಗಳ ಹೆಸರು ಹೇಳಿ: ಪ್ರಚೋದಿಸುವುದು ಗ್ಲುಟಮೇಟ್, ತಡೆಯುವುದು ಗಾಬಾ. ಗಾಬಾ ಎಂಬ ಹೆಸರು ಕೇಳಿದೊಡನೆ ನಮ್ಮ ಮಕ್ಕಳಿಗೆ ಗಾಬರಿ ಎಂಬ ಮಾತು ನೆನಪಾಗಿ ನಗು ಬರುತ್ತದೆ; ನಗಲಿ, ಆದರೆ ಅರ್ಥ ತಿರುಗುಮುರುಗಾಗಿದೆ ಎಂದು ಆಗಲೇ ತಿದ್ದಿ. ಗಾಬರಿಯನ್ನು ಇಳಿಸುವುದು ಗಾಬಾದ ಕೆಲಸ. ಮಿದುಳಿನಲ್ಲಿ ಈ ವಸ್ತು ಇದೆಯೆಂದು ತಿಳಿದುಬಂದದ್ದು 1950ರಲ್ಲಿ, ಅಂದರೆ ಥಯೋಪೆಂಟೋನ್ ಬಳಕೆಗೆ ಬಂದು ಹದಿನಾರು ವರ್ಷಗಳಾದ ಮೇಲೆ. ಔಷಧ ಮೊದಲು ಬಂದು ಅದರ ಕಾರಣ ಆಮೇಲೆ ತಿಳಿದದ್ದು ಅರಿವಳಿಕೆಯ ಶಾಸ್ತ್ರದಲ್ಲಿ ಅಪರೂಪವೇನಲ್ಲ.

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ನಮ್ಮ ಕರಾವಳಿಯ ವಿದ್ಯಾರ್ಥಿಗಳಿಗೆ ಗಾಬಾ ಗ್ರಾಹಕವನ್ನು ವಿವರಿಸಲು ಅಘನಾಶಿನಿಯ ಗಜನಿ ಗದ್ದೆಗಿಂತ ಉತ್ತಮವಾದ ಹೋಲಿಕೆ ನನಗೆ ಸಿಕ್ಕಿಲ್ಲ. ಮಾಣಿಕಟ್ಟಾದ ಕಡೆಯ ಗಜನಿಯನ್ನು ನೋಡಿದವರಿಗೆ ಗೊತ್ತಿರುವಂತೆ, ಕಗ್ಗ ಎಂಬ ಭತ್ತ ಬೆಳೆಯುವ ಆ ಗದ್ದೆಗಳು ಭರತದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಹೊಳೆಗೂ ಗದ್ದೆಗೂ ನಡುವೆ ಕಟ್ಟು ಇದೆ. ಕಟ್ಟಿನಲ್ಲಿ ಜಂತ್ರಡಿ, ಅಂದರೆ ನೀರು ಬಿಡುವ ಹಲಗೆಯ ಬಾಗಿಲು, ಇದೆ. ಇಳಿತದ ಹೊತ್ತಿಗೆ ಹಲಗೆ ಎತ್ತಿದರೆ ಗದ್ದೆಯಲ್ಲಿ ಹೆಚ್ಚಾದ ನೀರು ಹೊಳೆಗೆ ಹೋಗುತ್ತದೆ. ಈ ಗದ್ದೆಯನ್ನು ನರಕೋಶವೆಂದೂ, ಜಂತ್ರಡಿಯನ್ನು ಗಾಬಾ-ಎ ಗ್ರಾಹಕವೆಂದೂ, ಹಲಗೆ ಎತ್ತುವ ಇಬ್ಬರು ಆಳುಗಳನ್ನು ಗ್ರಾಹಕಕ್ಕೆ ತಾಗುವ ಗಾಬಾದ ಎರಡು ಅಣುಗಳೆಂದೂ ಹೇಳಿ.

ಈಗ ಎಚ್ಚರ ಬೇಕಾದ ಜಾಗ. ಗದ್ದೆಯ ನೀರನ್ನು ಯಾವ ಕಾರಣಕ್ಕೂ ಕ್ಲೋರೈಡ್ ಎಂದು ಹೇಳಬೇಡಿ. ನಾನು ಮೊದಲ ಎರಡು ವರ್ಷ ಹಾಗೆಯೇ ಹೇಳುತ್ತಿದ್ದೆ. ಹೊಳೆಯ ನೀರು ಉಪ್ಪು, ಉಪ್ಪಿನಲ್ಲಿ ಕ್ಲೋರೈಡ್ ಇದೆ, ಕೋಶದ ಹೊರಗೂ ಕ್ಲೋರೈಡ್ ಹೆಚ್ಚು, ಆದ್ದರಿಂದ ಹೋಲಿಕೆ ತಾನಾಗಿ ಕೂಡಿಬಂತು ಎಂದು ಖುಷಿಪಟ್ಟಿದ್ದೆ. ಗಜನಿ ಇರುವ ಮನೆಯಿಂದ ಬಂದ ಒಬ್ಬ ಹುಡುಗ ಎದ್ದು ನಿಂತು, “ಸರ್, ಇಳಿತದಲ್ಲಿ ಜಂತ್ರಡಿ ತೆಗೆದರೆ ನೀರು ಹೊರಗೆ ಹೋಗುತ್ತದೆ. ನೀವು ಕ್ಲೋರೈಡ್ ಒಳಗೆ ಬರುತ್ತದೆ ಅಂದಿರಿ. ಭರತದಲ್ಲಿ ತೆಗೆದು ಉಪ್ಪುನೀರು ಒಳಗೆ ಬಂದರೆ ಗದ್ದೆ ತುಂಬುತ್ತದೆ, ತಡೆ ಹೇಗಾಯಿತು?” ಎಂದು ಕೇಳಿದ. ಅವನು ಹೇಳಿದ್ದು ಸರಿಯಾಗಿತ್ತು. ಆ ದಿನದಿಂದ ನಾನು ನೀರನ್ನು ಯಾವ ವಸ್ತುವಿಗೂ ಹೋಲಿಸುವುದನ್ನು ಬಿಟ್ಟು, ನೀರಿನ ಮಟ್ಟವನ್ನು ಕೋಶಪೊರೆಯ ವೋಲ್ಟೇಜಿಗೆ ಹೋಲಿಸತೊಡಗಿದೆ, ಅಲ್ಲಿಂದ ಮುಂದೆ ಪಾಠ ಎಲ್ಲಿಯೂ ಮುಗ್ಗರಿಸಿಲ್ಲ.

ಹೀಗೆ ಹೇಳಬೇಕು: ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ, ಇದು ಗದ್ದೆಯ ಸಾಮಾನ್ಯ ಮಟ್ಟ. ಗ್ಲುಟಮೇಟ್ ಬಂದಾಗ ಧನ ಅಯಾನುಗಳು ಒಳಗೆ ಬಂದು ಮಟ್ಟ ಏರುತ್ತದೆ. ಇದು ಗದ್ದೆಗೆ ಹರಿದುಬರುವ ಹಳ್ಳದ ನೀರು. ಮಟ್ಟ ಋಣ 55 ಮಿಲಿವೋಲ್ಟಿನ ಆಸುಪಾಸಿಗೆ ಬಂದರೆ ಬದುವಿನ ಮೇಲೆ ನೀರು ಹಾಯ್ದಂತೆ, ಕೋಶ ತನ್ನ ಮುಂದಿನ ಕೋಶಕ್ಕೆ ವಿದ್ಯುತ್ ಸಂದೇಶವನ್ನು ಕಳುಹಿಸಿಬಿಡುತ್ತದೆ. ಗಾಬಾದ ಬಾಗಿಲು ತೆರೆದರೆ ಕ್ಲೋರೈಡ್ ಒಳಗೆ ಬರುತ್ತದೆ ಎಂಬುದು ನಿಜ, ಆದರೆ ಕ್ಲೋರೈಡಿನ ಮೇಲಿರುವುದು ಋಣ ವಿದ್ಯುದಂಶವಾದ್ದರಿಂದ ಅದು ಒಳಗೆ ಬಂದಷ್ಟೂ ಮಟ್ಟ ಇಳಿಯುತ್ತದೆ. ಬೆಳೆದ ನರಕೋಶದಲ್ಲಿ ಕ್ಲೋರೈಡಿನ ಸಮತೋಲದ ಮಟ್ಟವೂ ಸುಮಾರು ಋಣ 70ರ ಹತ್ತಿರವೇ ಇರುವುದರಿಂದ, ಬಾಗಿಲಿನಾಚೆ ಯಾವಾಗಲೂ ಇಳಿತವಿದೆ ಎಂದು ಭಾವಿಸಿಕೊಳ್ಳಬಹುದು.

ಈ ಹೋಲಿಕೆಯ ದೊಡ್ಡ ಲಾಭ ಏನೆಂದರೆ, ಪುಸ್ತಕಗಳು ಅರ್ಧ ಪುಟ ಬರೆದರೂ ಅರ್ಥವಾಗದ ಒಂದು ವಿಷಯ ಇಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಗದ್ದೆಯ ಮಟ್ಟವೂ ಹೊಳೆಯ ಮಟ್ಟವೂ ಸಮನಾಗಿದ್ದಾಗ ಜಂತ್ರಡಿ ತೆರೆದರೆ ಒಂದು ಕೊಡ ನೀರೂ ಹರಿಯುವುದಿಲ್ಲ. ಹಾಗಿದ್ದರೆ ತೆರೆದದ್ದು ವ್ಯರ್ಥವೇ ಎಂದು ತರಗತಿಯನ್ನು ಕೇಳಿ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು, ಬಾಗಿಲು ತೆರೆದಿರುವಾಗ ಹಳ್ಳ ಎಷ್ಟು ನೀರು ತಂದರೂ ಅದು ಹೊಳೆಗೆ ಹೋಗಿ ಗದ್ದೆಯ ಮಟ್ಟ ಏರುವುದಿಲ್ಲ ಎಂದು ಹೇಳುತ್ತಾರೆ. ಗಾಬಾದ ತಡೆಯ ಬಹುಪಾಲು ಇದೇ. ಅದು ಕೋಶವನ್ನು ಆಳಕ್ಕೆ ಇಳಿಸುವುದಕ್ಕಿಂತ ಹೆಚ್ಚಾಗಿ, ಏರಲು ಹೊರಟ ಮಟ್ಟವನ್ನು ಏರದಂತೆ ಸೋರಿಸಿಬಿಡುತ್ತದೆ. ಬಾಗಿಲು ತೆರೆದಿರುವ ಹೊತ್ತು ಉದ್ದವಾದಷ್ಟೂ ಹಳ್ಳದ ನೀರಿಗೆ ಬದು ಹಾಯುವ ಅವಕಾಶ ಕಡಿಮೆ ಎಂಬ ಮಾತಿಗೆ ಅವರೇ ಬಂದು ಮುಟ್ಟುತ್ತಾರೆ. ಥಯೋಪೆಂಟೋನಿನ ಹೆಸರು ಹೇಳಲು ಇದು ಸರಿಯಾದ ಸಮಯ.

ಚುರುಕಾದ ತರಗತಿಯಾದರೆ ಹೊರಗೆ ಭರತವಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆಯೂ ಬರುತ್ತದೆ. ಇನ್ನೂ ಬೆಳೆಯುತ್ತಿರುವ ನರಕೋಶಗಳಲ್ಲಿ ಕ್ಲೋರೈಡನ್ನು ಹೊರಹಾಕುವ ಏರ್ಪಾಡು ಪೂರ್ಣವಾಗಿರುವುದಿಲ್ಲ, ಒಳಗಿನ ಕ್ಲೋರೈಡ್ ಹೆಚ್ಚಿರುತ್ತದೆ, ಆದ್ದರಿಂದ ಅಲ್ಲಿ ಗಾಬಾದ ಬಾಗಿಲು ತೆರೆದರೆ ಮಟ್ಟ ಇಳಿಯುವ ಬದಲು ಏರಬಹುದು. ನವಜಾತ ಶಿಶುಗಳ ಸೆಳವಿಗೆ ಇದೇ ಗುಂಪಿನ ಫಿನೊಬಾರ್ಬಿಟಾಲ್ ಕೆಲವೊಮ್ಮೆ ನಿರೀಕ್ಷಿಸಿದಷ್ಟು ಕೆಲಸ ಮಾಡದಿರುವುದಕ್ಕೆ ಕೊಡುವ ವಿವರಣೆಗಳಲ್ಲಿ ಇದೂ ಒಂದು. ಘಟ್ಟದ ಮೇಲಿನ ಮಕ್ಕಳಿಗೆ ಜಂತ್ರಡಿಯ ಪರಿಚಯವಿರುವುದಿಲ್ಲವೆಂದು ಕೆರೆಯ ತೂಬನ್ನು ಹೋಲಿಕೆಗೆ ತಂದು ನೋಡಿದ್ದೇನೆ. ತೂಬಿನಿಂದ ನೀರು ಒಂದೇ ಕಡೆಗೆ ಹರಿಯುತ್ತದೆ, ಹೊರಗಿನ ಮಟ್ಟ ಏರಿಳಿಯುವುದಿಲ್ಲ, ಹಾಗಾಗಿ ಇಲ್ಲಿ ಅದು ಕೈಕೊಡುತ್ತದೆ. ಶಿರಸಿಯವರಿಗೂ ಐದು ನಿಮಿಷ ತೆಗೆದುಕೊಂಡು ಜಂತ್ರಡಿಯ ಚಿತ್ರ ಬರೆದು ತೋರಿಸುವುದೇ ಮೇಲು.

ಬಾಗಿಲಿನ ರಚನೆಗೆ ಪ್ರತ್ಯೇಕ ಚಿತ್ರ ಬೇಕಾಗಿಲ್ಲ, ಕೈಯೇ ಸಾಕು. ಐದೂ ಬೆರಳುಗಳ ತುದಿಯನ್ನು ಒಂದು ಪೆನ್ಸಿಲಿನ ಸುತ್ತ ಕೂಡಿಸಿ ಹಿಡಿಯಲು ಹೇಳಿ, ಆಮೇಲೆ ಪೆನ್ಸಿಲನ್ನು ಎಳೆದುಬಿಡಲಿ. ಬೆರಳುಗಳು ಗ್ರಾಹಕದ ಐದು ಉಪಘಟಕಗಳು, ನಡುವಿನ ತೂತು ಕ್ಲೋರೈಡಿನ ದಾರಿ. ಮಿದುಳಿನಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ ಉಪಘಟಕಗಳಿವೆ. ಗಾಬಾ ಕೂರುವುದು ಕೋಶದ ಹೊರಮೈಯಲ್ಲಿ, ಬೀಟಾ ಮತ್ತು ಆಲ್ಫಾ ಒಂದಕ್ಕೊಂದು ತಾಗುವ ಎರಡು ಕಡೆ. ಡಯಾಜೆಪಾಮಿನ ಗುಂಪಿನವು ಕೂರುವುದೂ ಹೊರಮೈಯಲ್ಲೇ, ಆದರೆ ಆಲ್ಫಾ ಮತ್ತು ಗಾಮಾದ ಸಂದಿನಲ್ಲಿ. ಬಾರ್ಬಿಚ್ಯುರೇಟುಗಳು ಇವೆರಡಕ್ಕಿಂತ ಕೆಳಗೆ, ಕೊಬ್ಬಿನ ಪೊರೆಯೊಳಗೆ ಹುದುಗಿರುವ ಭಾಗದ ಸಂದುಗಳಲ್ಲಿ ಹೋಗಿ ಸೇರುತ್ತವೆ. 2020ರಲ್ಲಿ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪಡೆದ ಚಿತ್ರಗಳಲ್ಲಿ ಫಿನೊಬಾರ್ಬಿಟಾಲ್ ಅಲ್ಲಿಯೇ ಕೂತಿರುವುದು ಕಂಡಿದೆ. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ, ಬಾರ್ಬಿಚ್ಯುರೇಟ್ ಹಲಗೆ ಎತ್ತುವ ಆಳಲ್ಲ, ಎತ್ತಿದ ಹಲಗೆಯ ಅಡಿಗೆ ಸಿಕ್ಕಿಸಿದ ಬೆಣೆ.

ಬೆಣೆ ಎಂಬ ಒಂದೇ ಮಾತಿಗೆ ನಿಂತುಬಿಟ್ಟರೆ ವಿದ್ಯಾರ್ಥಿ ಅದನ್ನು ಕವಿತೆಯಂತೆ ನೆನಪಿಟ್ಟುಕೊಳ್ಳುತ್ತಾನೆಯೇ ಹೊರತು ಲೆಕ್ಕ ಅರ್ಥವಾಗುವುದಿಲ್ಲ. ಅದಕ್ಕಾಗಿ ಕೈ ಎತ್ತಿಸುವ ಆಟವನ್ನು ಆಡಿಸಿ, ಇದಕ್ಕೆ ಕಾಲು ಗಂಟೆ ಬೇಕು. ಮೂವತ್ತು ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ಪ್ರತಿ ಹತ್ತು ಸೆಕೆಂಡುಗಳಲ್ಲಿ ತಮಗೆ ತೋಚಿದ ಹೊತ್ತಿಗೆ ಒಮ್ಮೆ ಕೈ ಎತ್ತಿ ಎರಡು ಸೆಕೆಂಡು ಹಿಡಿದು ಇಳಿಸಬೇಕು. ನೀವು ಮೊಬೈಲಿನಲ್ಲಿ ಆಗಾಗ ಫೋಟೊ ತೆಗೆದು ಎತ್ತಿದ ಕೈಗಳನ್ನು ಎಣಿಸಿದರೆ ಸರಾಸರಿ ಆರರ ಹತ್ತಿರ ಬರುತ್ತದೆ. ಎರಡನೆಯ ಸುತ್ತಿನಲ್ಲಿ ಅಷ್ಟೇ ಹೊತ್ತು ಹಿಡಿಯಲಿ, ಆದರೆ ಹತ್ತು ಸೆಕೆಂಡಿಗೆ ಎರಡು ಬಾರಿ ಎತ್ತಲಿ, ಈಗ ಹನ್ನೆರಡು. ಮೂರನೆಯ ಸುತ್ತಿನಲ್ಲಿ ಮೊದಲಿನಂತೆ ಒಂದೇ ಬಾರಿ ಎತ್ತಲಿ, ಆದರೆ ಆರು ಸೆಕೆಂಡು ಹಿಡಿಯಲಿ, ಈಗ ಹದಿನೆಂಟು. ಎರಡನೆಯ ಸುತ್ತು ಡಯಾಜೆಪಾಮ್, ಮೂರನೆಯದು ಬಾರ್ಬಿಚ್ಯುರೇಟ್. ಈ ಸಂಖ್ಯೆಗಳು ತರಗತಿಯವು, ನಿಜವಾದ ಗ್ರಾಹಕದಲ್ಲಿ ಎಲ್ಲವೂ ಸೆಕೆಂಡಿನ ಸಾವಿರದ ಭಾಗಗಳಲ್ಲಿ ನಡೆಯುತ್ತದೆ ಎಂದು ಸೇರಿಸಿ. ಇನ್ನೊಂದು ಮಾತನ್ನೂ ಒತ್ತಿ ಹೇಳಿ: ಮೂರು ಸುತ್ತುಗಳಲ್ಲಿಯೂ ಕೈ ಎತ್ತಿದ ಎತ್ತರ ಒಂದೇ. ಔಷಧವು ತೂತನ್ನು ಅಗಲ ಮಾಡುವುದಿಲ್ಲ.

ಇದೆಲ್ಲ ಹೇಗೆ ತಿಳಿಯಿತು ಎಂದು ಕೇಳುವ ವಿದ್ಯಾರ್ಥಿ ಇದ್ದರೆ ಅವನನ್ನು ಅಲ್ಲಿಯೇ ತಡೆಯಬೇಡಿ. ಎರ್ವಿನ್ ನೆಹೆರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ಗಾಜಿನ ಅತಿ ಸಣ್ಣ ಕೊಳವೆಯ ತುದಿಯನ್ನು ಕೋಶಪೊರೆಗೆ ಒತ್ತಿ, ಒಂದೇ ಒಂದು ಬಾಗಿಲಿನ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರವಾಹ ಕೆಲವೇ ಪಿಕೊಆಂಪಿಯರ್, ಅಂದರೆ ಒಂದು ಆಂಪಿಯರಿನ ಲಕ್ಷ ಕೋಟಿಯಲ್ಲಿ ಕೆಲವು ಭಾಗ. ಡಯಾಜೆಪಾಮ್ ಬಾಗಿಲು ತೆರೆಯುವ ಬಾರಿಗಳನ್ನು ಹೆಚ್ಚಿಸುತ್ತದೆ, ಬಾರ್ಬಿಚ್ಯುರೇಟ್ ಗುಂಪಿನ ಪೆಂಟೊಬಾರ್ಬಿಟಾಲ್ ತೆರೆದಿರುವ ಹೊತ್ತನ್ನು ಹೆಚ್ಚಿಸುತ್ತದೆ ಎಂಬುದನ್ನು ಇಲಿಯ ಬೆನ್ನುಹುರಿಯ ನರಕೋಶಗಳ ಮೇಲೆ ಸ್ಟಡಿ ಮತ್ತು ಬಾರ್ಕರ್ 1981ರಲ್ಲಿ ತೋರಿಸಿದರು. ಇಲ್ಲಿ ಸ್ಟಡಿ ಎಂಬುದು ವಿಜ್ಞಾನಿಯ ಹೆಸರೇ ಹೊರತು ಅಧ್ಯಯನ ಎಂದಲ್ಲ. ಒಬ್ಬ ವಿದ್ಯಾರ್ಥಿನಿ ಉತ್ತರಪತ್ರಿಕೆಯಲ್ಲಿ ‘ಬಾರ್ಕರ್ ಅಧ್ಯಯನ’ ಎಂದು ಅನುವಾದಿಸಿದ್ದು ನನಗೆ ನೆನಪಿದೆ. ಮುಂದೆ ಒಂದೊಂದೇ ಬಾಗಿಲನ್ನು ದಾಖಲಿಸಿ ನೋಡಿದಾಗ, ಬಾಗಿಲಿಗೆ ಹೆಚ್ಚು ಕಡಿಮೆ ಹೊತ್ತು ತೆರೆದಿರುವ ಬೇರೆ ಬೇರೆ ಸ್ಥಿತಿಗಳಿವೆ, ಬಾರ್ಬಿಚ್ಯುರೇಟ್ ಇದ್ದಾಗ ಅದು ಹೆಚ್ಚು ಹೊತ್ತಿನ ಸ್ಥಿತಿಗೆ ಹೆಚ್ಚಾಗಿ ಹೋಗುತ್ತದೆ ಎಂಬುದು ಖಚಿತವಾಯಿತು.

ಈಗ ಹಲಗೆಯ ಮೇಲೆ ಎರಡು ಗೆರೆಗಳನ್ನು ಬರೆಯಿರಿ. ಒಂದು ಬಣ್ಣದಲ್ಲಿ, ಗಾಬಾ ಒಮ್ಮೆ ಸುರಿದಾಗ ಕೆಳಗಿನ ಕೋಶದಲ್ಲಿ ಹುಟ್ಟುವ ತಡೆಯ ಪ್ರವಾಹ: ಥಟ್ಟನೆ ಏರಿ, ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಇಳಿದು ಮುಗಿಯುತ್ತದೆ. ಇನ್ನೊಂದು ಬಣ್ಣದಲ್ಲಿ, ಥಯೋಪೆಂಟೋನ್ ಇರುವಾಗಿನದು: ಏರಿಕೆ ಹಾಗೆಯೇ, ಎತ್ತರವೂ ಹೆಚ್ಚು ಕಡಿಮೆ ಹಾಗೆಯೇ, ಆದರೆ ಇಳಿಕೆಯ ಬಾಲ ಬಹಳ ಉದ್ದ. ಎತ್ತರವನ್ನು ಹೆಚ್ಚಿಸಿ ಬರೆಯುವ ತಪ್ಪನ್ನು ನೀವೂ ಮಾಡಬೇಡಿ, ವಿದ್ಯಾರ್ಥಿಗೂ ಬಿಡಬೇಡಿ, ಏಕೆಂದರೆ ಇಡೀ ಪಾಠ ಆ ಬಾಲದಲ್ಲಿದೆ. ಒಂದು ತಡೆಯ ಬಾಲ ಮುಗಿಯುವ ಮೊದಲೇ ಇನ್ನೊಂದು ತಡೆ ಬಂದು ಅದರ ಮೇಲೆ ಕೂರುತ್ತದೆ, ಹೀಗೆ ಬಿಡಿಬಿಡಿಯಾಗಿದ್ದ ತಡೆಗಳು ಸೇರಿ ನಿರಂತರವಾದ ತಡೆಯಾಗುತ್ತವೆ. ಸಿನ್ಯಾಪ್ಸಿನಿಂದ ಆಚೆಗೂ ಗಾಬಾ ಗ್ರಾಹಕಗಳಿವೆ, ಸುತ್ತಲಿನ ದ್ರವದಲ್ಲಿ ಸದಾ ಇರುವ ಅಲ್ಪ ಗಾಬಾಕ್ಕೆ ಅವು ತೆರೆಯುತ್ತಿರುತ್ತವೆ, ಅವುಗಳ ಪ್ರವಾಹವನ್ನೂ ಬಾರ್ಬಿಚ್ಯುರೇಟ್ ಹೆಚ್ಚಿಸುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಎರಡನೆಯ ಅವಧಿಯನ್ನು ಒಂದು ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು: ಆಳುಗಳೇ ಬಾರದಿದ್ದರೆ ಬೆಣೆಯಿಂದ ಏನು ಪ್ರಯೋಜನ? ಕಡಿಮೆ ಪ್ರಮಾಣದಲ್ಲಿ ಪ್ರಯೋಜನವಿಲ್ಲ; ಗಾಬಾ ಬಾಗಿಲು ತೆರೆದ ಮೇಲಷ್ಟೇ ಔಷಧಕ್ಕೆ ಕೆಲಸ. ಆದರೆ ಪ್ರಮಾಣ ಹೆಚ್ಚಿದರೆ ಬಾರ್ಬಿಚ್ಯುರೇಟು ಗಾಬಾ ಇಲ್ಲದೆಯೇ ಬಾಗಿಲನ್ನು ತೆರೆಯಬಲ್ಲದು, ಬೆಣೆಯನ್ನೇ ಬಡಿದು ಹಲಗೆ ಎಬ್ಬಿಸಿದ ಹಾಗೆ. ಡಯಾಜೆಪಾಮ್ ಒಂದೇ ಇದ್ದಾಗ ಅದರ ಪರಿಣಾಮ ಮೈಯಲ್ಲಿರುವ ಗಾಬಾದ ಮಿತಿಯನ್ನು ಮೀರಿ ಹೋಗುವುದಿಲ್ಲ, ಬಾರ್ಬಿಚ್ಯುರೇಟಿಗೆ ಅಂಥ ಮಿತಿಯಿಲ್ಲ. ಉಸಿರಾಟವನ್ನು ನಡೆಸುವ ಕೇಂದ್ರವೂ ನರಕೋಶಗಳ ಸಂಭಾಷಣೆಯಿಂದಲೇ ನಡೆಯುವಂಥದ್ದಾದ್ದರಿಂದ ಅದೂ ಸುಮ್ಮನಾಗುತ್ತದೆ. ನಿದ್ರೆಯ ಮಾತ್ರೆಯಾಗಿ ದಶಕಗಳ ಕಾಲ ಮಾರಾಟವಾದ ಈ ಗುಂಪು ಆ ಬಳಕೆಯಿಂದ ಹೊರಬಿದ್ದದ್ದೂ, ಥಯೋಪೆಂಟೋನ್ ಕೊಡುವ ಕಡೆ ಕೃತಕ ಉಸಿರಾಟದ ಸಾಧನ ಕೈಗೆ ಸಿಗುವಂತೆ ಇರಲೇಬೇಕೆಂಬುದೂ ಇದೇ ಕಾರಣಕ್ಕೆ. ಡಯಾಜೆಪಾಮಿನ ಪರಿಣಾಮವನ್ನು ಹಿಂದೆಗೆಯುವ ಫ್ಲೂಮಜೆನಿಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದು ಆಲ್ಫಾ-ಗಾಮಾ ಸಂದಿನಿಂದ ಡಯಾಜೆಪಾಮನ್ನು ಎಬ್ಬಿಸಬಲ್ಲದೇ ಹೊರತು ಪೊರೆಯೊಳಗಿನ ಬೆಣೆಯನ್ನು ಮುಟ್ಟುವುದಿಲ್ಲ. ರಚನೆಯ ಪಾಠ ಸರಿಯಾಗಿ ಆಗಿದ್ದರೆ ಈ ಉತ್ತರವನ್ನು ತರಗತಿಯೇ ಹೇಳುತ್ತದೆ.

ನಮ್ಮ ಸಹ್ಯಾದ್ರಿಯ ಕಾಡಿನ ಒಂದು ಬಳ್ಳಿಯೂ ಈ ಕತೆಯಲ್ಲಿ ಬರುತ್ತದೆ, ಅದನ್ನು ಹೇಳದೆ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಹಿಂದೆ ಮೀನಿಗೆ ಮತ್ತೇರಿಸಿ ಹಿಡಿಯಲು ಹೊಳೆಗೆ ಅರೆದು ಹಾಕುತ್ತಿದ್ದ ಕಾಕಮಾರಿಯ ಕಾಯಿಯಲ್ಲಿ ಪಿಕ್ರೊಟಾಕ್ಸಿನ್ ಎಂಬ ವಿಷವಿದೆ. ಇದು ಗಾಬಾ ಬಾಗಿಲಿನ ತೂತಿನಲ್ಲೇ ಹೋಗಿ ಕುಳಿತು ಕ್ಲೋರೈಡಿನ ದಾರಿಯನ್ನು ಮುಚ್ಚುತ್ತದೆ. ತಡೆ ಇಲ್ಲದಾಗುವುದರಿಂದ ಮೈ ಸೆಳವಿಗೆ ಸಿಗುತ್ತದೆ. ಬಾರ್ಬಿಚ್ಯುರೇಟಿನ ವಿಷವೇರಿದವರಿಗೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇದನ್ನೇ ಪ್ರತಿವಿಷವಾಗಿ ಕೊಡುತ್ತಿದ್ದರು, ಆಗ ಎರಡಕ್ಕೂ ಒಂದೇ ಬಾಗಿಲು ಎಂಬುದು ಗೊತ್ತಿರಲಿಲ್ಲ. ಸೆಳವಿನ ಅಪಾಯ ದೊಡ್ಡದಾದ್ದರಿಂದ ಆ ಚಿಕಿತ್ಸೆಯನ್ನು ಕೈಬಿಡಲಾಯಿತು. ಈಗ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಆಸರೆ ಕೊಟ್ಟು ಔಷಧ ಇಳಿಯುವವರೆಗೆ ಕಾಯುವುದೇ ಕ್ರಮ. ಕಾಯಿಯನ್ನು ತೋರಿಸಲು ತರಗತಿಗೆ ತರುವ ಉತ್ಸಾಹ ಬೇಡ, ಅದು ನಿಜವಾಗಿಯೂ ವಿಷ.

ಗ್ಲುಟಮೇಟಿನ ಕಡೆಯದನ್ನು ಚಿಕ್ಕದಾಗಿ ಮುಗಿಸಬಹುದು. ಬಾರ್ಬಿಚ್ಯುರೇಟುಗಳು ಜಂತ್ರಡಿಗೆ ಬೆಣೆ ಹಾಕುವುದಷ್ಟೇ ಅಲ್ಲ, ಹಳ್ಳದ ನೀರನ್ನೂ ಸ್ವಲ್ಪ ಕಡಿಮೆ ಮಾಡುತ್ತವೆ: ಎಎಂಪಿಎ ಎಂಬ ಬಗೆಯ ಗ್ಲುಟಮೇಟ್ ಗ್ರಾಹಕವನ್ನು ತಗ್ಗಿಸುತ್ತವೆ, ಹೆಚ್ಚಿನ ಪ್ರಮಾಣದಲ್ಲಿ ಮೇಲಿನ ಕೋಶದ ತುದಿಗೆ ಬರುವ ಕ್ಯಾಲ್ಸಿಯಮನ್ನು ಕುಗ್ಗಿಸಿ ನರವಾಹಕ ಸುರಿಯುವುದನ್ನೇ ಇಳಿಸುತ್ತವೆ, ಮಿದುಳಿನ ನಿಕೊಟಿನಿಕ್ ಗ್ರಾಹಕಗಳನ್ನೂ ತಡೆಯುತ್ತವೆ. ಒಂದೇ ಔಷಧ ತಡೆಯನ್ನು ಹಿಗ್ಗಿಸುವುದರ ಜೊತೆಗೆ ಪ್ರಚೋದನೆಯನ್ನು ಕುಗ್ಗಿಸುವುದರಿಂದ ಅದರ ಅರಿವಳಿಕೆ ಅಷ್ಟು ಆಳವಾಗಿರುತ್ತದೆ. ಆದರೆ ಇದನ್ನು ಮೊದಲ ಅವಧಿಯಲ್ಲೇ ಹೇಳಿದರೆ ಗಾಬಾದ ಪಾಠ ಕಲಸಿಹೋಗುತ್ತದೆ ಎಂಬುದು ನನ್ನ ಅನುಭವ.

ಔಷಧವು ಪೊರೆಯ ಕೊಬ್ಬಿನಲ್ಲಿ ಕರಗಿ ಪೊರೆಯನ್ನೇ ಮೆದು ಮಾಡುವುದರಿಂದ ಅರಿವು ತಪ್ಪುತ್ತದೆ ಎಂದು ಹಳೆಯ ಟಿಪ್ಪಣಿಗಳಲ್ಲಿ ಓದಿಕೊಂಡು ಬರುವ ವಿದ್ಯಾರ್ಥಿಗಳು ಇನ್ನೂ ಇದ್ದಾರೆ. ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ವಸ್ತು ಹೆಚ್ಚು ಪ್ರಬಲ ಅರಿವಳಿಕೆಯಾಗಿರುತ್ತದೆ ಎಂದು ಮೇಯರ್ ಮತ್ತು ಓವರ್ಟನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಮನಿಸಿದ್ದೇ ಆ ವಾದದ ಮೂಲ. ಅದನ್ನು ಅಲುಗಿಸಿದ್ದು ಮಿಂಚುಹುಳ: ಅದರ ಬೆಳಕಿಗೆ ಕಾರಣವಾದ ಲ್ಯೂಸಿಫರೇಸ್ ಎಂಬ ಪ್ರೋಟೀನಿನ ಕೆಲಸವನ್ನು, ಕೊಬ್ಬಿನ ಲವಲೇಶವೂ ಇಲ್ಲದ ಕಡೆ, ಅನೇಕ ಅರಿವಳಿಕೆಗಳು ನೇರವಾಗಿ ತಡೆಯುತ್ತವೆ ಎಂದು ಫ್ರಾಂಕ್ಸ್ ಮತ್ತು ಲೀಬ್ 1984ರಲ್ಲಿ ತೋರಿಸಿದರು. ಥಯೋಪೆಂಟೋನಿಗೆ ಬಂದರೆ ಇನ್ನೂ ಸರಳವಾದ ಸಾಕ್ಷಿಯಿದೆ. ಅದರ ಅಣುವಿಗೆ ಎಡಗೈ ಬಲಗೈಗಳಂತೆ ಕನ್ನಡಿಯ ಬಿಂಬಗಳಾದ ಎರಡು ರೂಪಗಳಿವೆ. ಎಣ್ಣೆಯಲ್ಲಿ ಎರಡೂ ಸಮನಾಗಿ ಕರಗುತ್ತವೆ, ಆದರೆ ಗಾಬಾ ಗ್ರಾಹಕದ ಮೇಲೆ ಒಂದು ರೂಪ ಇನ್ನೊಂದಕ್ಕಿಂತ ಹೆಚ್ಚು ಪ್ರಬಲ. ಬಲಗೈಯ ಗವಸು ಎಡಗೈಗೆ ಹಿಡಿಸದು ಎಂಬ ವ್ಯತ್ಯಾಸ ಎಣ್ಣೆಗೆ ತಿಳಿಯುವುದಿಲ್ಲ, ಆಕಾರವಿರುವ ಸಂದಿಗೆ ಮಾತ್ರ ತಿಳಿಯುತ್ತದೆ.

ಹಾಗೆಂದು ಕೊಬ್ಬಿಗೆ ಇಲ್ಲಿ ಪಾತ್ರವೇ ಇಲ್ಲವೆಂದಲ್ಲ, ಮತ್ತು ಆ ಪಾತ್ರದಿಂದಲೇ ವಿದ್ಯಾರ್ಥಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆತರಬಹುದು. ಪೆಂಟೊಬಾರ್ಬಿಟಾಲಿನ ಒಂದು ಆಮ್ಲಜನಕದ ಜಾಗದಲ್ಲಿ ಗಂಧಕವನ್ನು ಇಟ್ಟರೆ ಥಯೋಪೆಂಟಾಲ್ ಆಗುತ್ತದೆ, ಕೊಬ್ಬಿನಲ್ಲಿ ಕರಗುವ ಗುಣ ಹೆಚ್ಚುತ್ತದೆ, ರಕ್ತದಿಂದ ಮಿದುಳಿಗೆ ಅದು ಸುಮಾರು ಅರ್ಧ ನಿಮಿಷದಲ್ಲಿ ದಾಟುತ್ತದೆ. ಅರಿವು ತಪ್ಪುವ ಮುನ್ನ ಬಾಯಲ್ಲಿ ಬೆಳ್ಳುಳ್ಳಿಯ ರುಚಿ ಬಂತೆಂದು ಕೆಲವು ರೋಗಿಗಳು ಹೇಳುವುದೂ ಆ ಗಂಧಕದ ನಂಟಿನದೇ. ಐದರಿಂದ ಹತ್ತು ನಿಮಿಷಗಳಲ್ಲಿ ರೋಗಿ ಎಚ್ಚರವಾಗುವುದು ಔಷಧ ನಾಶವಾದದ್ದರಿಂದ ಅಲ್ಲ, ಅದು ಮಿದುಳನ್ನು ಬಿಟ್ಟು ಸ್ನಾಯುಗಳಿಗೂ ಆಮೇಲೆ ಕೊಬ್ಬಿಗೂ ಹಂಚಿಹೋದದ್ದರಿಂದ. ದೇಹದಿಂದ ಅದರ ಅರ್ಧ ಭಾಗ ಹೋಗಲು ಹತ್ತು ಗಂಟೆಗೂ ಹೆಚ್ಚು ಬೇಕು. ಮತ್ತೆ ಮತ್ತೆ ಕೊಟ್ಟರೆ ಹಂಚಿಕೊಳ್ಳುವ ಜಾಗಗಳೂ ತುಂಬಿ, ಬೆಣೆ ಬಾಗಿಲಿನಲ್ಲೇ ಉಳಿದು, ಎಚ್ಚರವಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ಮಿದುಳಿನ ವಿದ್ಯುತ್ ದಾಖಲೆಯಾದ ಇಇಜಿಯಲ್ಲಿ ಅಲೆಗಳು ಮೊದಲು ನಿಧಾನವಾಗಿ ದೊಡ್ಡದಾಗುವುದು, ಪ್ರಮಾಣ ಹೆಚ್ಚಿದಂತೆ ನಡುನಡುವೆ ಮೌನ ಬರುವುದು, ಕೊನೆಗೆ ಗೆರೆ ಚಪ್ಪಟೆಯಾಗುವುದು ನೀವು ಹಲಗೆಯ ಮೇಲೆ ಬರೆದ ಆ ಉದ್ದ ಬಾಲ ಕೋಟಿಗಟ್ಟಲೆ ಸಿನ್ಯಾಪ್ಸುಗಳಲ್ಲಿ ಒಟ್ಟಿಗೆ ನಡೆದಾಗ ಕಾಣುವ ರೂಪ. ನೋವಿನ ಸಂಕೇತವನ್ನು ಮಾತ್ರ ಥಯೋಪೆಂಟೋನ್ ತಡೆಯುವುದಿಲ್ಲ. ಅರಿವಿಲ್ಲದವನ ನಾಡಿ ಚಾಕು ತಾಗಿದಾಗ ಏರುವುದನ್ನು ಕಂಡ ವಿದ್ಯಾರ್ಥಿಗೆ ನೋವುಶಾಮಕ ಬೇರೆಯೇ ಏಕೆ ಬೇಕೆಂದು ಹೇಳಬೇಕಾಗಿಲ್ಲ.

ಪ್ರೊಪೊಫಾಲ್ ಎಂಬ ಹೊಸ ಅರಿವಳಿಕೆ ಬಂದ ಮೇಲೆ ಥಯೋಪೆಂಟೋನಿನ ಬಳಕೆ ಇಳಿದಿದೆ, ಅಮೆರಿಕದಲ್ಲಂತೂ 2011ರಲ್ಲಿ ಅದರ ತಯಾರಿಕೆಯೇ ನಿಂತಿತು. ಹಾಗಿದ್ದೂ ಇದನ್ನು ಏಕೆ ಕಲಿಸಬೇಕು ಎಂದು ಸಹೋದ್ಯೋಗಿಗಳು ಕೇಳುವುದುಂಟು. ಪ್ರೊಪೊಫಾ‌ಲ್, ಎಟೊಮಿಡೇಟ್ ಎರಡೂ ಇದೇ ಬಾಗಿಲಿಗೆ, ಪೊರೆಯೊಳಗಿನ ಇಂಥದೇ ಸಂದುಗಳಿಗೆ ಬರುತ್ತವೆ. ಈ ಪಾಠ ಒಮ್ಮೆ ಆದರೆ ಅವೆರಡಕ್ಕೆ ಅರ್ಧ ಅವಧಿ ಸಾಕು.

ಪಾಠ ಮುಟ್ಟಿದೆಯೇ ಎಂದು ನೋಡಲು ನಾನು ವ್ಯಾಖ್ಯೆ ಕೇಳುವುದಿಲ್ಲ. ಹೆಸರು ಬರೆಯದ ಮೂರು ಗೆರೆಗಳನ್ನು ಕೊಡುತ್ತೇನೆ: ಒಂದೇ ಬಾಗಿಲಿನ ಪ್ರವಾಹ ಔಷಧವಿಲ್ಲದಾಗ, ಡಯಾಜೆಪಾಮ್ ಇದ್ದಾಗ, ಪೆಂಟೊಬಾರ್ಬಿಟಾಲ್ ಇದ್ದಾಗ ಹೇಗಿರುತ್ತದೆ ಎಂಬುದರ ಚಿತ್ರ. ಯಾವುದು ಯಾವುದೆಂದು ಗುರುತಿಸಿ, ಕಾರಣವನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ‘ಗಾಬಾ ಹೆಚ್ಚಾಗುತ್ತದೆ’ ಎಂದು ಬರೆದವರಿಗೆ ಅಂಕವಿಲ್ಲ, ಏಕೆಂದರೆ ಈ ಔಷಧದಿಂದ ಗಾಬಾದ ಪ್ರಮಾಣ ಹೆಚ್ಚುವುದಿಲ್ಲ. ‘ಬಾಗಿಲು ದೊಡ್ಡದಾಗುತ್ತದೆ’ ಎಂದವರನ್ನು ಕರೆದು ಕೈ ಎತ್ತಿಸಿದ ಆಟವನ್ನು ನೆನಪಿಸುತ್ತೇನೆ. ‘ಜಂತ್ರಡಿ ಹೆಚ್ಚು ಹೊತ್ತು ತೆರೆದಿರುತ್ತದೆ’ ಎಂದು ಬರೆದವರಿಗೆ, ಗ್ರಾಹಕ ಎಂಬ ಪದವನ್ನು ಬರೆಯದಿದ್ದರೂ, ಪೂರ್ಣ ಅಂಕ ಕೊಡುತ್ತೇನೆ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬಾರದೆಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿರುತ್ತೇನೆ.